ಎದುರಿಗೆ ಕೂತವರು ಯಾರು? ಪ್ರಿಡಿಕ್ಷನ್ ಮಾರುಕಟ್ಟೆಗಳಲ್ಲಿ ಬೆಲೆ ಹುಟ್ಟುವ ಬಗೆ

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 15 ಕೆ.ಜಿ.ಯ ಬಾಕ್ಸು ಎಷ್ಟಕ್ಕೆ ಹೋಯಿತು, ಯಾರ ಹೆಸರಿಗೆ ಹೋಯಿತು, ಹಮಾಲಿ ಎಷ್ಟಾಯಿತು ಎಂದು ಬರೆದು ಬರೆದು ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ನಾಲ್ಕು ಪುಟ ತುಂಬಿರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಯುಗಾದಿಗೆ ಬಂದಿದ್ದಾಗ ಮೊಬೈಲ್ ಹಿಡಿದು ತೋರಿಸಿದ. ಅಮೆರಿಕದ ಯಾವುದೋ ರಾಜಕೀಯದ ಪ್ರಶ್ನೆ, ಅದರ ಕೆಳಗೆ ದೊಡ್ಡದಾಗಿ 62 ಎಂಬ ಅಂಕಿ.

“ಮಾವ, ಇದು ಆಗುವ ಸಾಧ್ಯತೆ ನೂರಕ್ಕೆ 62 ಎಂದು ಅರ್ಥ. ಮುಂದೆ ಆಗುವುದರ ಮೇಲೆ ದುಡ್ಡು ಹಾಕುವ ಇಂಥ ಪ್ರಿಡಿಕ್ಷನ್ ಮಾರುಕಟ್ಟೆಗಳು ನಾಲ್ಕೈದು ಇವೆ. ಯಾವುದನ್ನು ಹಿಡಿಯಲಿ, ಹೇಳಿ.”

“62ಕ್ಕೆ ಕೊಡುವವನು ಯಾರಪ್ಪ? ಎಷ್ಟು ಕೊಡುತ್ತಾನೆ?”

ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಹರಾಜಿನ ಪಕ್ಕದಲ್ಲೇ ಇಷ್ಟು ವರ್ಷ ಕೂತವನಿಗೆ ಒಂದು ಅಭ್ಯಾಸ ಬಂದುಬಿಟ್ಟಿರುತ್ತದೆ. ರೇಟು ಕೇಳಿದ ಕೂಡಲೇ ಎಷ್ಟು ಬಾಕ್ಸಿಗೆ ಆ ರೇಟು, ಸವಾಲು ಕೂಗಿದವನು ಯಾರು ಎಂದು ಕೇಳದೆ ಇರಲಾಗುವುದಿಲ್ಲ. ಆ ಎರಡು ಪ್ರಶ್ನೆಗಳನ್ನೇ ಹಿಡಿದು ಮುಂದಿನ ಕೆಲವು ತಿಂಗಳು ನಾವಿಬ್ಬರೂ ಈ ಮಾರುಕಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ನಮ್ಮ ಹೋಲಿಕೆ ಇಲ್ಲಿದೆ. ದುಡ್ಡು ಹಾಕಲು ದಾರಿ ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಭಾರತದಲ್ಲಿ ಆ ದಾರಿ 2025ರಲ್ಲಿ ಮುಚ್ಚಿದೆ, ಅದರ ವಿಷಯ ಕೊನೆಯಲ್ಲಿದೆ. ಈ ಬೆಲೆಗಳನ್ನು ಸುದ್ದಿಯಲ್ಲಿ ಓದುವವರಿಗೆ, ದುಡ್ಡಿಲ್ಲದೆ ಕಲಿಯಬೇಕೆನ್ನುವವರಿಗೆ, ಗೆಳೆಯರ ನಡುವೆ ಒಂದು ಆಟ ಕಟ್ಟಬೇಕೆನ್ನುವವರಿಗೆ ಈ ಬರಹ.

ಮೂಲ ಸಂಗತಿ ಸರಳ. ಒಂದು ಪ್ರಶ್ನೆಗೆ ಎರಡು ಬಗೆಯ ಷೇರು, ‘ಹೌದು’ ಮತ್ತು ‘ಇಲ್ಲ’. ನಿಗದಿತ ದಿನ ಸಂಗತಿ ನಡೆದರೆ ‘ಹೌದು’ ಷೇರಿಗೆ ಒಂದು ಡಾಲರ್ ಸಿಗುತ್ತದೆ, ‘ಇಲ್ಲ’ಕ್ಕೆ ಸೊನ್ನೆ. ನಡೆಯದಿದ್ದರೆ ತಿರುವುಮುರುವು. 62 ಸೆಂಟಿಗೆ ಕೊಂಡವನು ಗೆದ್ದರೆ 38 ಸೆಂಟು ಲಾಭ, ಸೋತರೆ ಕೊಟ್ಟ 62 ಪೂರ್ತಿ ಹೋಯಿತು. ಕೊನೆಯ ದಿನದವರೆಗೆ ಕಾಯಲೇಬೇಕೆಂದಿಲ್ಲ. ನಡುವೆ ಬೆಲೆ 75ಕ್ಕೆ ಏರಿದರೆ ಮಾರಿ, 13 ಸೆಂಟು ಜೇಬಿಗೆ ಹಾಕಿಕೊಂಡು ಹೊರಗೆ ಬರಬಹುದು. ಷೇರು ಎಂಬ ಹೆಸರಿದ್ದರೂ ಕಂಪನಿಯ ಷೇರಿಗೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಆಸ್ತಿಯಿಲ್ಲ, ಲಾಭಾಂಶವಿಲ್ಲ, ತೀರ್ಪಿನ ದಿನ ಅದು ಒಂದು ಡಾಲರ್ ಆಗುತ್ತದೆ ಅಥವಾ ರದ್ದಿ ಕಾಗದವಾಗುತ್ತದೆ.

ಇಷ್ಟು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಬೇರೆಯಾಗುವುದು ನೀವು ಕೊಳ್ಳುವಾಗ ಎದುರಿಗೆ ಯಾರಿದ್ದಾರೆ ಎಂಬಲ್ಲಿ. ಕೆಲವು ಕಡೆ ಇನ್ನೊಬ್ಬ ಮನುಷ್ಯ ಇರುತ್ತಾನೆ, ಕೆಲವು ಕಡೆ ಒಂದು ಗಣಿತ ಸೂತ್ರ, ಇನ್ನು ಕೆಲವು ಕಡೆ ಎಲ್ಲರೂ ಹಾಕಿದ ದುಡ್ಡಿನ ಹುಂಡಿ.

ಎದುರಿಗೆ ಮನುಷ್ಯರಿದ್ದಾಗ

ಅಮೆರಿಕದ ಕಾಲ್ಶಿ, ಕ್ರಿಪ್ಟೊ ಹಣದಲ್ಲಿ ನಡೆಯುವ ಪಾಲಿಮಾರ್ಕೆಟ್, ಅಯೋವಾ ವಿಶ್ವವಿದ್ಯಾಲಯದವರು 1988ರಲ್ಲಿ ಆರಂಭಿಸಿದ ಅಯೋವಾ ಎಲೆಕ್ಟ್ರಾನಿಕ್ ಮಾರ್ಕೆಟ್ಸ್, ಇವೆಲ್ಲ ಆರ್ಡರ್ ಪುಸ್ತಕದ ಮೇಲೆ ನಡೆಯುವಂಥವು. ಕೊಳ್ಳುವವರು ತಮ್ಮ ದರ ಬರೆದಿಡುತ್ತಾರೆ, ಮಾರುವವರು ತಮ್ಮ ದರ ಬರೆದಿಡುತ್ತಾರೆ, ಎರಡು ದರ ಕೂಡಿದಾಗ ವ್ಯಾಪಾರ ಕುದುರುತ್ತದೆ.

ಅಕ್ಕನ ಮಗ ತೋರಿಸಿದ 62ರ ಹಿಂದಿನ ಪುಸ್ತಕ ತೆರೆದಾಗ ಕಂಡದ್ದು ಹೆಚ್ಚುಕಡಿಮೆ ಹೀಗಿತ್ತು (ಲೆಕ್ಕಕ್ಕೆ ಅನುಕೂಲವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ). ಕೊಳ್ಳುವವರ ಸಾಲಿನಲ್ಲಿ 60ಕ್ಕೆ 200 ಷೇರು, 59ಕ್ಕೆ 500. ಮಾರುವವರ ಸಾಲಿನಲ್ಲಿ 64ಕ್ಕೆ 150, 65ಕ್ಕೆ 300. 62ರಲ್ಲಿ ಯಾರೂ ಇಲ್ಲ! ಪಾಲಿಮಾರ್ಕೆಟ್‌ನಲ್ಲಿ ದೊಡ್ಡದಾಗಿ ಕಾಣಿಸುವ ಅಂಕಿ, ಮೇಲಿನ ಕೊಳ್ಳುವ ದರಕ್ಕೂ ಕೆಳಗಿನ ಮಾರುವ ದರಕ್ಕೂ ನಡುವಿನ ಸರಾಸರಿ, ಅಷ್ಟೇ. ಆ ಎರಡರ ನಡುವೆ ಹತ್ತು ಸೆಂಟಿಗಿಂತ ಹೆಚ್ಚು ಅಂತರ ಬಿದ್ದರೆ ಸರಾಸರಿ ಬಿಟ್ಟು ಕೊನೆಯ ವ್ಯಾಪಾರದ ದರ ತೋರಿಸುತ್ತದೆ. ಅದು ಯಾವ ಕಾಲದ ವ್ಯಾಪಾರವೋ!

ಈಗ ನೀವು 300 ಷೇರು ಬೇಕೆಂದು ಗುಂಡಿ ಒತ್ತಿದಿರಿ ಎನ್ನಿ. ಮೊದಲ 150 ಷೇರು 64ರಂತೆ, ಉಳಿದ 150 ಷೇರು 65ರಂತೆ ಸಿಗುತ್ತವೆ. ಒಟ್ಟು 193 ಡಾಲರ್ 50 ಸೆಂಟು. ತಪ್ಪಾಯಿತು ಎಂದು ಮರುಕ್ಷಣವೇ ಮಾರಿದರೆ 200 ಷೇರು 60ಕ್ಕೆ, 100 ಷೇರು 59ಕ್ಕೆ ಹೋಗಿ 179 ಡಾಲರ್ ಕೈಗೆ ಬರುತ್ತದೆ. ಪ್ರಪಂಚದಲ್ಲಿ ಏನೂ ಬದಲಾಗಿಲ್ಲ, ಹೋದ ದಾರಿಯಲ್ಲೇ ಹಿಂದಿರುಗಿದಿರಿ, ಹದಿನಾಲ್ಕೂವರೆ ಡಾಲರ್ ಹೋಯಿತು. ಅದಕ್ಕೇ ಇಂಥ ಕಡೆ ಅನುಭವಸ್ಥರು ಸಿಕ್ಕಿದ ದರಕ್ಕೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕುವುದಿಲ್ಲ. ತಮ್ಮ ದರ ಬರೆದಿಟ್ಟು ಕಾಯುತ್ತಾರೆ, ಅದು ಲಿಮಿಟ್ ಆರ್ಡರ್. ಕಾಯುವುದಕ್ಕೂ ಒಂದು ಬೆಲೆಯಿದೆ. ದರ ಏರಿಬಿಟ್ಟರೆ ಸರಕು ಸಿಗುವುದಿಲ್ಲ, ಕೆಟ್ಟ ಸುದ್ದಿ ಬಂದರೆ ಎಲ್ಲರಿಗಿಂತ ಮೊದಲು ನಿಮ್ಮ ತಲೆಗೇ ಕಟ್ಟುತ್ತಾರೆ.

ನನಗೆ ಬಹಳ ಹಿಡಿಸಿದ್ದು ಷೇರು ಹುಟ್ಟುವ ರೀತಿ. ಕಂಪನಿಯ ಷೇರಿನ ಹಾಗೆ ಇಲ್ಲಿ ಮೊದಲೇ ಅಚ್ಚು ಹಾಕಿಟ್ಟ ಷೇರುಗಳ ರಾಶಿಯಿಲ್ಲ. ಒಬ್ಬ ‘ಹೌದು’ ಷೇರಿಗೆ 60 ಕೊಡುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ‘ಇಲ್ಲ’ ಷೇರಿಗೆ 40 ಕೊಡುತ್ತೇನೆ ಎನ್ನುತ್ತಾನೆ. ಇಬ್ಬರೂ ಕೊಳ್ಳುವವರೇ, ಮಾರುವವನು ಯಾರೂ ಇಲ್ಲ. 60 ಮತ್ತು 40 ಸೇರಿದರೆ ಸರಿಯಾಗಿ ನೂರು. ವ್ಯವಸ್ಥೆ ಆ ಡಾಲರನ್ನು ಪೆಟ್ಟಿಗೆಗೆ ಹಾಕಿ ಒಂದು ಜೊತೆ ಷೇರು ಹುಟ್ಟಿಸಿ ಇಬ್ಬರಿಗೂ ಒಂದೊಂದು ಕೊಡುತ್ತದೆ. ಮುಂದೆ ಇಬ್ಬರೂ ಮಾರಬೇಕೆಂದು ಬಂದು ದರ ಕೂಡಿ ನೂರಾದರೆ ಆ ಜೊತೆ ಸುಟ್ಟುಹೋಗುತ್ತದೆ, ಪೆಟ್ಟಿಗೆಯ ಡಾಲರ್ ಇಬ್ಬರಿಗೂ ಹಂಚಿಕೆಯಾಗುತ್ತದೆ. ‘ಇಲ್ಲ’ವನ್ನು 40ಕ್ಕೆ ಕೊಳ್ಳುವುದೂ ಒಂದೇ, ‘ಹೌದು’ವನ್ನು 60ಕ್ಕೆ ಮಾರುವುದೂ ಒಂದೇ. ಅಯೋವಾದಲ್ಲಿ ಇದೇ ಕೆಲಸ ಬೇರೆ ಬಾಗಿಲಿನಿಂದ ನಡೆಯುತ್ತಿತ್ತು: ಒಂದು ಡಾಲರ್ ಕೊಟ್ಟು ಎಲ್ಲ ಬಗೆಯ ಷೇರು ಒಂದೊಂದಿರುವ ಕಟ್ಟನ್ನು ಮಾರುಕಟ್ಟೆಯಿಂದಲೇ ಕೊಳ್ಳಬಹುದಿತ್ತು, ಬೇಡವೆಂದರೆ ಅದೇ ಡಾಲರಿಗೆ ಹಿಂದಿರುಗಿಸಬಹುದಿತ್ತು. ಅಲ್ಲಿ ಒಬ್ಬರು ಹಾಕಬಹುದಾಗಿದ್ದ ಮೊತ್ತ 5ರಿಂದ 500 ಡಾಲರ್, ಏಕೆಂದರೆ ಅದು ಪಾಠಕ್ಕೂ ಸಂಶೋಧನೆಗೂ ಕಟ್ಟಿದ್ದು.

ಹೀಗಾಗಿ ಗೆದ್ದವನಿಗೆ ಸಿಗುವ ಪ್ರತಿ ಸೆಂಟೂ ಸೋತವನ ಜೇಬಿನದೇ. ನಡುವಿನವರು ಶುಲ್ಕ ತೆಗೆದುಕೊಳ್ಳುತ್ತಾರೆ. ಟೊಮೆಟೊ ಲೆಕ್ಕ ಬರೆಯುವವನಿಗೆ ಮೊದಲು ಕಣ್ಣಿಗೆ ಬೀಳುವುದೂ ಅದೇ. ಕಾಲ್ಶಿಯ ಸಾಮಾನ್ಯ ಸೂತ್ರ ಹೀಗೆ: ಬೆಲೆಯನ್ನು ಡಾಲರಿನಲ್ಲಿ ಬರೆದು, ಒಂದು ಡಾಲರಿನಲ್ಲಿ ಉಳಿದ ಭಾಗದಿಂದ ಗುಣಿಸಿ, ಅದರ ಶೇ 7. ಅಂದರೆ 50 ಸೆಂಟಿನ ಷೇರಿಗೆ 1.75 ಸೆಂಟು, 90 ಸೆಂಟಿನ ಷೇರಿಗೆ 0.63 ಸೆಂಟು. ಅನುಮಾನ ಹೆಚ್ಚಿದ್ದಲ್ಲಿ ಶುಲ್ಕ ಹೆಚ್ಚು. ನ್ಯೂಜಿಲೆಂಡಿನ ವಿಶ್ವವಿದ್ಯಾಲಯವೊಂದರ ಹೆಸರಿನಲ್ಲಿ 2014ರಲ್ಲಿ ಶುರುವಾದ ಪ್ರಿಡಿಕ್ಟ್‌ಇಟ್‌ನಲ್ಲಿ ಬಹುಕಾಲ ಇದ್ದ ನಿಯಮ ಬೇರೆ: ಲಾಭದ ಮೇಲೆ ಶೇ 10, ಹಣ ಹೊರಗೆ ತೆಗೆಯುವಾಗ ಶೇ 5. ಕೇಳುವಾಗ ಹಗುರವಾಗಿದೆ. ಲೆಕ್ಕ ಹಾಕಿ ನೋಡಿ. 90 ಸೆಂಟಿಗೆ ಕೊಂಡು ಗೆದ್ದರೆ ಲಾಭ 10, ಅದರಲ್ಲಿ 1 ಹೋಗಿ ಖಾತೆಯಲ್ಲಿ 99 ಉಳಿಯಿತು. ಅದನ್ನು ಹೊರಗೆ ತೆಗೆದಾಗ 4.95 ಹೋಗಿ ಕೈಗೆ ಬಂದದ್ದು 94.05. ಹತ್ತರ ಲಾಭದಲ್ಲಿ ಉಳಿದದ್ದು ನಾಲ್ಕು ಸೆಂಟು ಚಿಲ್ಲರೆ. ಇಂಥ ಕಡೆ ಖಚಿತವಾಗಿ ಗೆಲ್ಲುವ ಅಭ್ಯರ್ಥಿಯ ಷೇರು 95ರಲ್ಲಿ ನಿಂತಿದ್ದರೆ ಜನರಿಗೆ ಅನುಮಾನವಿದೆ ಎಂದು ತಿಳಿಯಬಾರದು. ಅದನ್ನು ಇನ್ನೂ ಮೇಲಕ್ಕೆ ತಳ್ಳುವುದರಲ್ಲಿ ಯಾರಿಗೂ ಗಿಟ್ಟುತ್ತಿರಲಿಲ್ಲ. ಹತ್ತಾರು ಅಭ್ಯರ್ಥಿಗಳಿದ್ದ ಪ್ರಶ್ನೆಗಳಲ್ಲಿ ಎಲ್ಲರ ‘ಹೌದು’ ಬೆಲೆ ಕೂಡಿಸಿದರೆ ನೂರು ದಾಟುತ್ತಿದ್ದುದಕ್ಕೂ ಶುಲ್ಕವೇ ಮುಖ್ಯ ಕಾರಣ. ಜೊತೆಗೆ ಒಬ್ಬರಿಗೆ 850 ಡಾಲರಿನ ಮಿತಿಯೂ ಇತ್ತು.

ಮಿತಿ ಇಲ್ಲದ ಕಡೆ ಇನ್ನೊಂದು ಫಜೀತಿ. 2012ರ ಅಮೆರಿಕ ಚುನಾವಣೆಯ ಕೊನೆಯ ವಾರಗಳಲ್ಲಿ, ಆಗ ಹೆಸರುವಾಸಿಯಾಗಿದ್ದ ಇಂಟ್ರೇಡ್‌ನಲ್ಲಿ ಒಬ್ಬನೇ ವ್ಯಕ್ತಿ, ಒಬಾಮ ಎದುರು ಸೋತ ಅಭ್ಯರ್ಥಿ ರಾಮ್ನಿಯ ಷೇರುಗಳನ್ನು ಬಾಚಿ ಬಾಚಿ ಕೊಂಡು ಸುಮಾರು 40 ಲಕ್ಷ ಡಾಲರ್ ಕಳೆದುಕೊಂಡ. 2024ರಲ್ಲಿ ಪಾಲಿಮಾರ್ಕೆಟ್‌ನಲ್ಲಿ ಫ್ರಾನ್ಸಿನ ಒಬ್ಬ ವ್ಯಕ್ತಿ ಹಲವು ಖಾತೆಗಳಿಂದ ಟ್ರಂಪ್ ಷೇರು ಕೊಂಡು ಕೋಟಿಗಟ್ಟಲೆ ಡಾಲರ್ ಗೆದ್ದ. ಆ ದಿನ ಪರದೆ ನೋಡುತ್ತಿದ್ದವರಿಗೆ ಎರಡೂ ಒಂದೇ ತರಹ ಕಂಡಿರುತ್ತವೆ, ಬೆಲೆ ಏರುತ್ತಿದೆ ಎಂದು. ಕೊಂಡವನು ತಿಳಿದು ಕೊಂಡನೋ, ಹಠಕ್ಕೆ ಕೊಂಡನೋ ಎಂಬುದು ಬೆಲೆಯಲ್ಲಿ ಬರೆದಿರುವುದಿಲ್ಲ. ನಮ್ಮ ಹರಾಜಿನಲ್ಲಿ ಹೊರ ರಾಜ್ಯದ ಒಬ್ಬ ವ್ಯಾಪಾರಿ ಎರಡು ಲಾರಿ ತುಂಬಿಸಲೇಬೇಕೆಂದು ಬಂದ ದಿನ ರೇಟು ಜಿಗಿಯುತ್ತದೆ. ಮರುದಿನ ಅದನ್ನೇ ನಂಬಿ ಕಿತ್ತು ತಂದ ರೈತ ಬಾಕ್ಸುಗಳ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾನೆ.

ಎದುರಿಗೆ ಸೂತ್ರವಿದ್ದಾಗ

ಆರ್ಡರ್ ಪುಸ್ತಕಕ್ಕೆ ಜನಜಂಗುಳಿ ಬೇಕು. ಅದು ನಮಗೆ ಗೊತ್ತಾದದ್ದು ಡೂಂಲೈಟ್ ವೃತ್ತದ ಹತ್ತಿರದ ಟೀ ಅಂಗಡಿಯಲ್ಲಿ. ಆರು ಜನ ಗೆಳೆಯರು, ತಲೆಗೆ ನೂರು ಹುಣಸೆ ಬೀಜ, ದುಡ್ಡಿನ ಮಾತಿಲ್ಲ. ‘ಈ ತಿಂಗಳ ಕೊನೆಯ ಶನಿವಾರ ಕೋಲಾರದಲ್ಲಿ ಟೊಮೆಟೊ ಬಾಕ್ಸು 500 ರೂಪಾಯಿ ದಾಟುತ್ತದೆಯೇ?’ ಎಂಬ ಪ್ರಶ್ನೆ. ಗೆದ್ದ ಚೀಟಿಗೆ ಹತ್ತು ಬೀಜ. ಮೂರು ಸಂಜೆ ಕೂತರೂ ಒಂದು ವ್ಯಾಪಾರವೂ ಆಗಲಿಲ್ಲ. ಆರೂ ಜನ ಇದೇ ಮಾರುಕಟ್ಟೆಯವರು, ಆರೂ ಜನರ ಅಭಿಪ್ರಾಯ ಒಂದೇ. ಎಲ್ಲರೂ ‘ಹೌದು’ ಕೊಳ್ಳುವವರು, ‘ಇಲ್ಲ’ ಹಿಡಿಯುವವರು ಒಬ್ಬರೂ ಇಲ್ಲ.

ಈ ರೋಗಕ್ಕೆ ಮದ್ದು ಕೊಟ್ಟವರು ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್. ಅವರ ಲಾಗರಿದಮ್ ಸೂತ್ರದಲ್ಲಿ ಎದುರಿಗೆ ಯಾವಾಗಲೂ ಒಬ್ಬ ವ್ಯಾಪಾರಿ ಇರುತ್ತಾನೆ, ಅವನು ಗಣಿತ. ಯಾರು ಯಾವ ಚೀಟಿ ಕೇಳಿದರೂ ಕೊಡುತ್ತಾನೆ, ಆದರೆ ಕೊಟ್ಟಂತೆಲ್ಲ ಆ ಚೀಟಿಯ ಬೆಲೆ ಏರಿಸುತ್ತಾನೆ. ಅಕ್ಕನ ಮಗ ಅದನ್ನು ಮೊಬೈಲಿನ ಲೆಕ್ಕದ ಹಾಳೆಗೆ ಹಾಕಿಕೊಟ್ಟ. ಸೂತ್ರದಲ್ಲಿ ನಾವು ತೀರ್ಮಾನಿಸಬೇಕಾದ ಅಂಕಿ ಒಂದೇ, ಮಾರುಕಟ್ಟೆ ಎಷ್ಟು ಆಳವಾಗಿರಬೇಕು ಎಂಬುದು. ನಾವು ಹತ್ತು ಎಂದು ಇಟ್ಟೆವು.

ಆರಂಭದಲ್ಲಿ ಎರಡೂ ಚೀಟಿಗೆ ಐದೈದು ಬೀಜ. ಪಕ್ಕದ ಮಂಡಿಯ ಗೆಳೆಯ ಐದು ‘ಹೌದು’ ಕೊಂಡ. ಐದೈದಲ ಇಪ್ಪತ್ತೈದು ಎಂದುಕೊಂಡು ಬೀಜ ಎಣಿಸಿದ, ಹಾಳೆ 28 ಕೇಳಿತು. ಕೊಳ್ಳುತ್ತಾ ಹೋದಂತೆ ಬೆಲೆ ಏರಿದ್ದರಿಂದ ಸರಾಸರಿ 5.6 ಬಿತ್ತು, ಕೊಂಡು ಮುಗಿಸಿದಾಗ ‘ಹೌದು’ 6.2ಕ್ಕೂ ‘ಇಲ್ಲ’ 3.8ಕ್ಕೂ ನಿಂತಿದ್ದವು. “ಇದೆಂಥ ಮೋಸ, ಒಬ್ಬನಿಗೇ ಒಂದೊಂದು ಚೀಟಿಗೆ ಒಂದೊಂದು ರೇಟೇ?” ಎಂದು ಅವನು ರೇಗಿದ. ಆಮೇಲೆ ಟೀ ಅಂಗಡಿಯವರು, ‘ಇಲ್ಲ’ ಅಗ್ಗವಾಗಿದೆ ಎಂಬ ಒಂದೇ ಕಾರಣಕ್ಕೆ, ಐದು ‘ಇಲ್ಲ’ ಕೊಂಡರು. ಅವರಿಗೆ ಬಿದ್ದದ್ದು 22 ಬೀಜ. ಬೆಲೆ ಮತ್ತೆ ಐದಕ್ಕೆ ಬಂತು. 28 ಮತ್ತು 22 ಕೂಡಿದರೆ 50, ಯಾರು ಗೆದ್ದರೂ ಕೊಡಬೇಕಾದದ್ದು 50. ಲೆಕ್ಕ ಬರೆಯುವವನಾಗಿ ನಾನು ಆ ಹಾಳೆಗೆ ಆ ಕ್ಷಣವೇ ಒಲಿದೆ. ಮೂರು ದಿನ ‘ಇಲ್ಲ’ ಎನ್ನಲು ಒಬ್ಬರೂ ಇಲ್ಲದ ಜಾಗದಲ್ಲಿ, ಬೆಲೆ ಇಳಿದದ್ದೇ ತಡ, ‘ಇಲ್ಲ’ ಎನ್ನುವವರು ಹುಟ್ಟಿಕೊಂಡಿದ್ದರು.

ಆಳ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ಕೊಡದಿಂದ ಒಂದು ಚೊಂಬು ನೀರು ತೆಗೆದರೆ ಮಟ್ಟ ಇಳಿದದ್ದು ಕಾಣುತ್ತದೆ, ಕೋಲಾರಮ್ಮನ ಕೆರೆಯಿಂದ ತೆಗೆದರೆ ಕಾಣುವುದಿಲ್ಲ. ಆಳ ಹತ್ತರ ಬದಲು ಎರಡು ಇದ್ದಿದ್ದರೆ ಅದೇ ಐದು ಚೀಟಿಗೆ 38 ಬೀಜ ಬೀಳುತ್ತಿತ್ತು, ಬೆಲೆ ಐದರಿಂದ 9.2ಕ್ಕೆ ಹಾರುತ್ತಿತ್ತು. ಒಬ್ಬನ ಮಾತಿಗೇ ಇಡೀ ಮಾರುಕಟ್ಟೆ ತಲೆಯಾಡಿಸಿದಂತೆ. ಐವತ್ತು ಇದ್ದಿದ್ದರೆ 25.6 ಬೀಜ, ಬೆಲೆ 5.25ಕ್ಕೆ ಮಾತ್ರ ಸರಿಯುತ್ತಿತ್ತು, ಒಬ್ಬಿಬ್ಬರು ಕೊಂಡರೆ ಮುಳ್ಳು ಅಲ್ಲಾಡಿದ ಹಾಗೆಯೇ ಆಗುತ್ತಿರಲಿಲ್ಲ. ಹಾಗಾದರೆ ಆಳವಾಗಿಯೇ ಇಡಬಾರದೇಕೆ? ನಷ್ಟ ತುಂಬಿಕೊಡುವವರು ಬೇಕಲ್ಲ! ಎಲ್ಲರೂ ಒಂದೇ ಕಡೆ ಕೊಂಡು ಅದೇ ಗೆದ್ದರೆ ಸೂತ್ರ ಸೋಲುತ್ತದೆ. ಆಳ ಎರಡಾದರೆ ಆ ನಷ್ಟ ಹೆಚ್ಚೆಂದರೆ 14 ಬೀಜ, ಹತ್ತಾದರೆ 69, ಐವತ್ತಾದರೆ 347. ಎಷ್ಟೇ ಆದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ, ಆಟ ಶುರುವಾಗುವ ಮೊದಲೇ ಹೇಳಿಬಿಡಬಹುದು. ಹ್ಯಾನ್ಸನ್ ಸೂತ್ರದ ಹೆಚ್ಚುಗಾರಿಕೆ ಇರುವುದು ಇಲ್ಲೇ. ಆ 69 ಬೀಜ ನನ್ನ ಮನೆಯಿಂದಲೇ ಬಂದವು. ಹುಣಸೆಗೆ ಕೋಲಾರದಲ್ಲಿ ಬರವಿಲ್ಲ.

ಆಟದ ಹಣದಲ್ಲೇ ನಡೆಯುವ ಮ್ಯಾನಿಫೋಲ್ಡ್ ಎಂಬ ತಾಣದಲ್ಲೂ ಎದುರಿಗೆ ಸೂತ್ರವೇ ಇದೆ, ಬೇರೆ ಜಾತಿಯದು. ಅಲ್ಲಿನ ಹಣದ ಹೆಸರು ಮಾನಾ. ಕ್ರಿಪ್ಟೊ ವಿನಿಮಯ ಕೇಂದ್ರಗಳಿಂದ ಬಂದ ಆ ಸೂತ್ರದ ಸರಳ ರೂಪ ಹೀಗಿದೆ. ಮಾರಾಟಕ್ಕಿಟ್ಟ ಚೀಟಿಗಳ ರಾಶಿಗೆ ಕೊಳ ಎನ್ನೋಣ. ಕೊಳದಲ್ಲಿ ಹತ್ತು ‘ಹೌದು’, ಹತ್ತು ‘ಇಲ್ಲ’ ಚೀಟಿ ಇವೆ, ಎರಡರ ಗುಣಲಬ್ಧ ನೂರು. ನೀವು 50 ಬೀಜ ಕೊಟ್ಟರೆ ಐದು ಜೊತೆ ಹೊಸ ಚೀಟಿ ಹುಟ್ಟಿ ಕೊಳಕ್ಕೆ ಬೀಳುತ್ತವೆ, ಈಗ ಹದಿನೈದು ಹದಿನೈದು. ಗುಣಲಬ್ಧ ಮತ್ತೆ ನೂರಾಗುವ ತನಕ ‘ಹೌದು’ ಚೀಟಿಗಳನ್ನು ನಿಮಗೆ ಕೊಡಲಾಗುತ್ತದೆ: 6.67 ಉಳಿದು 8.33 ನಿಮ್ಮ ಪಾಲಾಗುತ್ತದೆ. ತಲಾ ಆರು ಬೀಜ ಬಿತ್ತು, ಬೆಲೆ 6.9ಕ್ಕೆ ಏರಿತು. ಪ್ರಶ್ನೆ ಹಾಕಿದವರು ಕೊಳಕ್ಕೆ ಸುರಿದ ಮಾನಾ ಇಲ್ಲಿನ ಸಹಾಯಧನ. ಫಲಿತಾಂಶ ಹತ್ತಿರ ಬಂದಂತೆ ಗೆಲ್ಲುವ ಚೀಟಿಗಳೆಲ್ಲ ಜನರ ಕೈ ಸೇರಿ ಸೋಲುವ ಚೀಟಿಗಳು ಕೊಳದಲ್ಲಿ ಉಳಿಯುತ್ತವೆ. ಆದ್ದರಿಂದ ನೀರು ತುಂಬಿದವರಿಗೆ ನಷ್ಟ ಬಹುತೇಕ ಖಚಿತ.

ಹುಂಡಿಯದು ಎರಡು ಮಾತಿನ ವಿಷಯ. ಕುದುರೆ ರೇಸಿನ ಟೋಟ್ ಇದೇ: ಎಲ್ಲರ ಹಣ ಒಂದೆಡೆ ಸೇರುತ್ತದೆ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಅವರವರು ಹಾಕಿದ ಪ್ರಮಾಣದಲ್ಲಿ ಹಂಚುತ್ತಾರೆ. ಬಾಗಿಲು ಮುಚ್ಚುವ ತನಕ ನಿಮ್ಮ ಬೆಲೆ ಏನೆಂದು ನಿಮಗೇ ಗೊತ್ತಿರುವುದಿಲ್ಲ, ನಡುವೆ ಮಾರಿ ಹೊರಬರುವಂತೆಯೂ ಇಲ್ಲ. ಮೊದಲೇ ತಿಳಿದವನಿಗೆ ಮೊದಲೇ ಹಾಕಿದ್ದರ ಲಾಭ ಇಲ್ಲದ್ದರಿಂದ ಎಲ್ಲರೂ ಕೊನೆಯ ಗಳಿಗೆಯವರೆಗೆ ಕಾಯುತ್ತಾರೆ. ಮುನ್ನೋಟ ಬೇಕೆನ್ನುವವರಿಗೆ ಇದು ಉಪಯೋಗಕ್ಕಿಲ್ಲ, ಹಬ್ಬದ ದಿನದ ತಮಾಷೆಗೆ ಸಾಕು.

ತೀರ್ಪು ಹೇಳುವವರು

ಬೆಲೆ ಹೇಗೆ ಹುಟ್ಟುತ್ತದೆ ಎಂಬುದಕ್ಕಿಂತ ಹೆಚ್ಚು ಜಗಳ ಅದು ಹೇಗೆ ಸಾಯುತ್ತದೆ ಎಂಬುದರ ಮೇಲೆ ಆಗುತ್ತದೆ. ನಮ್ಮದೂ ಹಾಗೆಯೇ ಆಯಿತು. ಕೊನೆಯ ಶನಿವಾರ ಬಂತು. ಒಂದು ಲಾಟು, ಆರಿಸಿ ತೆಗೆದ ದಪ್ಪ ಹಣ್ಣು, 560ಕ್ಕೆ ಹೋಯಿತು. ಆ ದಿನ ಹೆಚ್ಚಿನ ಸರಕು ಹೋದದ್ದು 410ರ ಆಸುಪಾಸಿನಲ್ಲಿ. ಎಪಿಎಂಸಿಯ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ಸರಕು ಹೋದ ದರ) ಎಂದು ಮೂರು ದರಗಳಿರುತ್ತವೆ, ನಮ್ಮ ಪ್ರಶ್ನೆಯಲ್ಲಿ ‘ದಾಟುತ್ತದೆಯೇ’ ಎಂದು ಮಾತ್ರ ಇತ್ತು. “ಒಂದು ಬಾಕ್ಸು ದಾಟಿದರೂ ದಾಟಿದ ಹಾಗೆಯೇ” ಎಂದು ಪಕ್ಕದ ಮಂಡಿಯವನು, “ಹಾಗಾದರೆ ನನ್ನ ಅಂಗಡಿಯಲ್ಲಿ ಒಬ್ಬರು ನೂರು ರೂಪಾಯಿ ನೋಟು ಕೊಟ್ಟು ಚಿಲ್ಲರೆ ಬಿಟ್ಟು ಹೋದರೆ ಟೀ ರೇಟು ನೂರೇ?” ಎಂದು ಅಂಗಡಿಯವರು. ಹುಣಸೆ ಬೀಜಕ್ಕೆ ಆದ ಆ ರಾದ್ಧಾಂತದಿಂದ ಒಬ್ಬ ಗೆಳೆಯ ಮೂರು ದಿನ ಟೀಗೆ ಬರಲಿಲ್ಲ. ಕೊನೆಗೆ ಎಲ್ಲ ಚೀಟಿಗೂ ಐದೈದು ಬೀಜ ಕೊಟ್ಟು ಕೈತೊಳೆದುಕೊಂಡೆವು.

ದೊಡ್ಡ ತಾಣಗಳಲ್ಲೂ ಇದೇ ಕಥೆ. ಕಾಲ್ಶಿಯಲ್ಲಿ ಪ್ರಶ್ನೆಯ ನಿಯಮಾವಳಿ ನೋಡಿ ಸಂಸ್ಥೆಯೇ ತೀರ್ಪು ಹೇಳುತ್ತದೆ. ಮ್ಯಾನಿಫೋಲ್ಡ್‌ನಲ್ಲಿ ಸಾಮಾನ್ಯವಾಗಿ ಪ್ರಶ್ನೆ ಹಾಕಿದವರೇ ಹೇಳುತ್ತಾರೆ, ‘ಹೌದು’, ‘ಇಲ್ಲ’ ಮಾತ್ರವಲ್ಲದೆ ಇಂತಿಷ್ಟು ಶೇಕಡಾ ಎಂದು ಭಾಗ ಮಾಡಲು, ರದ್ದು ಮಾಡಲು ಕೂಡ ಅವಕಾಶವಿದೆ. ಪಾಲಿಮಾರ್ಕೆಟ್‌ನಲ್ಲಿ ಯಾರಾದರೂ ತೀರ್ಪು ಮಂಡಿಸುತ್ತಾರೆ, ಆಕ್ಷೇಪ ಬಂದು ಬಗೆಹರಿಯದಿದ್ದರೆ ಯೂಮಾ ಎಂಬ ಕ್ರಿಪ್ಟೊ ಟೋಕನ್ ಇರುವವರು ಮತ ಹಾಕುತ್ತಾರೆ. 2025ರಲ್ಲಿ ಯುಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಜುಲೈಗೆ ಮೊದಲು ಸೂಟ್ ಧರಿಸುತ್ತಾರೆಯೇ ಎಂಬ ಪ್ರಶ್ನೆಯ ಮೇಲೆ 20 ಕೋಟಿ ಡಾಲರಿಗೂ ಮೀರಿದ ವಹಿವಾಟು ನಡೆಯಿತು. ಅವರು ಧರಿಸಿದ್ದು ಸೂಟೋ ಅಲ್ಲವೋ ಎಂದು ಜಗಳ ಹತ್ತಿ, ಹಲವು ಪತ್ರಿಕೆಗಳು ಸೂಟ್ ಎಂದೇ ಬರೆದಿದ್ದರೂ ಕೊನೆಗೆ ತೀರ್ಪು ‘ಇಲ್ಲ’ ಎಂದಾಯಿತು. ಆ ಹಂತದಲ್ಲಿ ಬೆಲೆ ಅಳೆಯುತ್ತಿದ್ದದ್ದು ಬಟ್ಟೆಯನ್ನಲ್ಲ, ತೀರ್ಪುಗಾರರ ಮನಸ್ಸನ್ನು.

ದೂರದ ದಿನಾಂಕದ ಪ್ರಶ್ನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ವರ್ಷದ ನಂತರ ಖಚಿತವಾಗಿ ‘ಇಲ್ಲ’ ಆಗುವ ಪ್ರಶ್ನೆಯಲ್ಲೂ ‘ಇಲ್ಲ’ 93ರಲ್ಲೇ ನಿಂತಿರಬಹುದು. ಏಳು ಸೆಂಟಿಗಾಗಿ ಎರಡು ವರ್ಷ ಹಣ ಕಟ್ಟಿಹಾಕುವ ಬದಲು ಬ್ಯಾಂಕಿನಲ್ಲಿಟ್ಟರೆ ಹೆಚ್ಚು ಬಡ್ಡಿ ಬರುತ್ತದೆ. ‘ಹೌದು’ 7 ಎಂದು ಕಂಡಾಗ ಅದನ್ನು ಶೇ 7ರ ಸಾಧ್ಯತೆ ಎಂದು ಓದುವವರು ಈ ಬಡ್ಡಿಯನ್ನು ಮರೆತಿರುತ್ತಾರೆ.

ನಮ್ಮ ದೇಶದ ಮಾತು

ಭಾರತದಲ್ಲಿ ಇದು ಒಪಿನಿಯನ್ ಟ್ರೇಡಿಂಗ್ ಎಂಬ ಹೆಸರಿನಲ್ಲಿ ಬಂದಿತ್ತು. ಗುರುಗ್ರಾಮದ ಪ್ರೋಬೊ ಅವುಗಳಲ್ಲಿ ದೊಡ್ಡದು. ಡಾಲರಿನ ಬದಲು ಹತ್ತು ರೂಪಾಯಿ: ‘ಹೌದು’ 6.50 ಇದ್ದರೆ ‘ಇಲ್ಲ’ 3.50. ಒಳಗಿನ ರಚನೆ ಆರ್ಡರ್ ಪುಸ್ತಕದ್ದೇ, ಆದರೆ ಕ್ರಿಕೆಟ್ಟಿನಂಥ ಬೇಗ ಮುಗಿಯುವ ಪ್ರಶ್ನೆಗಳೇ ಹೆಚ್ಚು ಓಡುತ್ತಿದ್ದವು. ನಮ್ಮ ಬೀದಿಯ ಒಬ್ಬ ಹುಡುಗ ಇಂಥದೊಂದು ಆ್ಯಪ್‌ನಲ್ಲಿ ಐಪಿಎಲ್ ಮುಗಿಯುವುದರೊಳಗೆ ಬೈಕಿನ ಕಂತಿನ ದುಡ್ಡು ಕಳೆದ. ಅವನ ಇತಿಹಾಸದ ಪುಟ ನೋಡಿದೆ: ಅರ್ಧಕ್ಕರ್ಧ ಸರಿಯಾಗಿಯೇ ಊಹಿಸಿದ್ದ. ಅವನನ್ನು ತಿಂದದ್ದು ಊಹೆಯಲ್ಲ, ಪ್ರತಿ ಸಲವೂ ಅವಸರದಲ್ಲಿ ಮೇಲಿನ ದರಕ್ಕೆ ಕೊಂಡು ಕೆಳಗಿನ ದರಕ್ಕೆ ಮಾರಿದ್ದು ಮತ್ತು ಶುಲ್ಕ.

2025ರ ಏಪ್ರಿಲ್ 29ರಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಎಚ್ಚರಿಕೆ ಹೊರಡಿಸಿತು: ಇಲ್ಲಿ ವ್ಯಾಪಾರವಾಗುವುದು ಸೆಕ್ಯುರಿಟಿ (ಷೇರು, ಬಾಂಡಿನಂಥ ಹೂಡಿಕೆ ಪತ್ರ) ಅಲ್ಲ, ಈ ತಾಣಗಳು ತನ್ನ ನಿಯಂತ್ರಣದಲ್ಲಿಲ್ಲ, ಹೂಡಿಕೆದಾರರಿಗೆ ಇರುವ ರಕ್ಷಣೆ ಇಲ್ಲಿ ಸಿಗುವುದಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಗಿ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡುವವರಿಗೆ ಎರಡು ವರ್ಷ, 50 ಲಕ್ಷ. ಆಡಿದವರಿಗೆ ಶಿಕ್ಷೆಯಿಲ್ಲ. ಪ್ರೋಬೊ ಮತ್ತಿತರ ತಾಣಗಳು ಹಣದ ವ್ಯವಹಾರ ನಿಲ್ಲಿಸಿದವು. ಹೊರದೇಶದ ತಾಣಕ್ಕೆ ಕ್ರಿಪ್ಟೊ ಮೂಲಕ ನುಸುಳುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ, ಗೆದ್ದ ಹಣ ಸಿಗದಿದ್ದಾಗ ದೂರು ಕೊಡಲು ಯಾವ ಠಾಣೆಗೆ ಹೋಗಬೇಕೆಂದೂ ಅವರನ್ನೇ ಕೇಳಿ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಅಕ್ಕನ ಮಗನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಕಲಿಯುವುದಕ್ಕೆ ಮ್ಯಾನಿಫೋಲ್ಡ್ ಸಾಕು, ಕಳೆದರೆ ಮಾನಾ ಹೋಗುತ್ತದೆ. ಬೆಲೆ ನಿಮ್ಮ ಕೈಯಲ್ಲೇ ಸರಿಯುವುದನ್ನು ಅಲ್ಲಿ ನೋಡುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಲಾಗದು. ಕೊಡುಕೊಳ್ಳುವ ಗೊಡವೆಯೇ ಬೇಡ, ನನ್ನ ಊಹೆ ಎಷ್ಟು ನೆಟ್ಟಗಿದೆ ಎಂದು ತಿಳಿದರೆ ಸಾಕು ಎನ್ನುವವರಿಗೆ ಮೆಟಾಕ್ಯುಲಸ್ ಇದೆ, ಅಲ್ಲಿ ಷೇರೇ ಇಲ್ಲ, ಶೇಕಡಾ ಬರೆಯುತ್ತೀರಿ, ಅಂಕ ಸಿಗುತ್ತದೆ. ಕಾಲ್ಶಿ, ಪಾಲಿಮಾರ್ಕೆಟ್‌ಗಳ ಬೆಲೆ ಸುದ್ದಿಯಲ್ಲಿ ಬಂದರೆ ಖಾತೆ ತೆರೆಯದೆ ಆರ್ಡರ್ ಪುಸ್ತಕ ತೆರೆದು ನೋಡಿ. ಎರಡು ಸಾಲಿನ ನಡುವೆ ಒಂದು ಸೆಂಟಿನ ಅಂತರವಿದ್ದು ಸಾವಿರಾರು ಷೇರು ಕೂತಿದ್ದರೆ ಆ ಅಂಕಿಗೆ ತೂಕ ಕೊಡಬಹುದು, ಎಂಟು ಸೆಂಟಿನ ಅಂತರದಲ್ಲಿ ಎರಡು ನೂರು ಷೇರು ಇದ್ದರೆ ಯಾರೋ ಬೇಜಾರಿಗೆ ಬರೆದಿಟ್ಟ ದರ ಎಂದುಕೊಳ್ಳಿ. ಹತ್ತು ಜನರ ಕಚೇರಿ, ಕಾಲೇಜಿನ ತರಗತಿ, ಟೀ ಅಂಗಡಿಯ ಬೆಂಚು, ಇಂಥಲ್ಲಿಗೆ ಹ್ಯಾನ್ಸನ್ ಸೂತ್ರವೇ ಸರಿ. ಆರ್ಡರ್ ಪುಸ್ತಕ ಅಲ್ಲಿ ಉಪವಾಸ ಬೀಳುತ್ತದೆ.

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಈ ಆಟದ ಸುದ್ದಿ ಕೇಳಿ ತಮ್ಮಲ್ಲೂ ಮಾಡುತ್ತೇವೆ ಎಂದರು. ಅವರಿಗೆ ಒಂದು ಅನುಕೂಲವಿದೆ. ಅಲ್ಲಿ ಹರಾಜು ಕೂಗುವುದಿಲ್ಲ, ಇ-ಟೆಂಡರಿನಲ್ಲಿ ಬರೆದ ದರ ಬರೆದ ಹಾಗೆ ಉಳಿಯುತ್ತದೆ, ತೀರ್ಪಿಗೆ ಜಗಳ ಕಡಿಮೆ. ಕ್ವಿಂಟಲ್ ಉಂಡೆ ಕೊಬ್ಬರಿ ಇಂಥ ದಿನ ಇಷ್ಟು ದಾಟುತ್ತದೆಯೇ ಎಂದು ಬರೆಯುವಾಗ ಗರಿಷ್ಠವೋ ಮೋಡಲ್ಲೋ ಎಂದು ಮಾತ್ರ ಮೊದಲೇ ಬರೆದಿಡಿ ಎಂದೆ.

ನಮ್ಮ ಬೆಂಚಿನ ಹೊಸ ಪ್ರಶ್ನೆ ಈಗ ಗೋಡೆಯ ಮೇಲಿದೆ: ‘ಬರುವ ತಿಂಗಳ ಎರಡನೇ ಶನಿವಾರ, ಕೋಲಾರ ಎಪಿಎಂಸಿ ಪ್ರಕಟಿಸುವ ಟೊಮೆಟೊ ಮೋಡಲ್ ದರ, 15 ಕೆ.ಜಿ.ಗೆ ಲೆಕ್ಕ ಹಾಕಿದಾಗ, 350 ರೂಪಾಯಿಗಿಂತ ಹೆಚ್ಚು ಇರುತ್ತದೆಯೇ? ಅಂದು ರಜೆಯಾದರೆ ಮುಂದಿನ ವಹಿವಾಟಿನ ದಿನ.’ ಮಾಲೂರು ಕಡೆ ಹೊಸ ಫಸಲು ಬರುತ್ತಿರುವುದನ್ನು ಕಂಡು ನಾನು ‘ಇಲ್ಲ’ ಕೊಂಡಿದ್ದೆ. ಅಕ್ಕನ ಮಗ ನಿನ್ನೆ ಬೆಂಗಳೂರಿನಿಂದಲೇ ಎಂಟು ‘ಹೌದು’ ಕೊಂಡ, ಬೆಲೆ 5.9ಕ್ಕೆ ಏರಿತು. ಅವನು ಈ ವರ್ಷ ಒಂದು ಟೊಮೆಟೊ ತೋಟವನ್ನೂ ನೋಡಿಲ್ಲ. ಫೋನು ಮಾಡಿ ಕಾರಣ ಕೇಳಿದೆ.

“ನೀವು ಇಳಿಸಿದ್ದು ಕಂಡಿತು ಮಾವ, ಅಗ್ಗವಾಗಿತ್ತು” ಎಂದ.